ಹಳೆಯ ವಾರ್ಡಿಗೆ ಬಂದ ಹೊಸ ಸೋಂಕು

ಎಚ್‌ಐವಿ ತಾನೇ ನೇರವಾಗಿ ಕೊಲ್ಲುವುದು ಕಡಿಮೆ. ರಕ್ತದಲ್ಲಿರುವ ಸಿಡಿ4 ಎಂಬ ಕಾವಲು ಕಣಗಳನ್ನು ವರ್ಷಗಟ್ಟಲೆ ಸವೆಸಿ ಅದು ಬಾಗಿಲು ತೆರೆದಿಡುತ್ತದೆ. ಒಳಗೆ ಬಂದು ಜೀವ ತೆಗೆಯುವುದು ಬೇರೆ ರೋಗಗಳು. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಹಾಗೆ ಬಂದವುಗಳಲ್ಲಿ ಮುಖ್ಯವಾದವು ಎರಡು: ಒಂದು ಕ್ಷಯ, ಇನ್ನೊಂದು ಮಿದುಳಿನ ಪೊರೆಗೆ ತಗಲುವ ಶಿಲೀಂಧ್ರ ಸೋಂಕು. ಈ ಎರಡನ್ನೂ ನೋಡಿಕೊಳ್ಳಬಲ್ಲ ಸಂಸ್ಥೆಗಳು ಊರಿನಲ್ಲಿ ಮೊದಲೇ ಇದ್ದವು. ಒಂದು ಟಿಬಿಗಾಗಿ ಕಟ್ಟಿದ್ದು, ಇನ್ನೊಂದು ಹುಚ್ಚಾಸ್ಪತ್ರೆಯಾಗಿ ಹುಟ್ಟಿದ್ದು. ಅದರಿಂದಾಗಿ ಇಲ್ಲಿನ ಎಚ್‌ಐವಿ ಸಂಶೋಧನೆಯ ಕಥೆಯನ್ನು 1980ರ ದಶಕದಿಂದ ಶುರುಮಾಡಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ.

ಊರಿನ ಹಳೆಯ ಭಾಗಕ್ಕೆ ಸೋಂಕು ಹೊಸದೇನಲ್ಲ. 1898ರ ಆಗಸ್ಟ್‌ನಲ್ಲಿ ಪ್ಲೇಗು ಕಾಲಿಟ್ಟಾಗ ಪೇಟೆಯ ಇಕ್ಕಟ್ಟಾದ ಕೇರಿಗಳಿಂದ ಜನ ಹೊರಬಿದ್ದರು. ಆಗಿನ್ನೂ ಗೆರೆ ಎಳೆಯುತ್ತಿದ್ದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೇಗ ತುಂಬಲು ಆ ಭಯವೇ ಕಾರಣ. ಅಗಲವಾದ ಬೀದಿ, ಮನೆಗಳ ಹಿಂದೆ ಕಸ ಸಾಗಿಸುವ ಓಣಿ, ಮನೆಮನೆಗೂ ಗಾಳಿ ಬೆಳಕು ಎಂಬ ಆ ಬಡಾವಣೆಗಳ ವಿನ್ಯಾಸದಲ್ಲಿ ಇಲಿಯ ನೆರಳು ಇದ್ದೇ ಇದೆ. ಚಾಮರಾಜಪೇಟೆಯ ಅಂಚಿನಲ್ಲಿ, ಕೋಟೆಯ ಪಕ್ಕದಲ್ಲಿ, 1897ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲು ಹಾಕಿದ್ದ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರ ಡಿಸೆಂಬರ್‌ನಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದಾಗ ಪ್ಲೇಗು ಊರಿನ ನೆನಪಿನಿಂದ ಮಾಸಿರಲಿಲ್ಲ. ಅದರ ಆವರಣದ ಸುತ್ತಲೇ ಮುಂದೆ ಮಿಂಟೋ ಕಣ್ಣಾಸ್ಪತ್ರೆ, 1935ರಲ್ಲಿ ವಾಣಿವಿಲಾಸ ಹೆರಿಗೆ ಆಸ್ಪತ್ರೆ, 1955ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜು ಸೇರಿಕೊಂಡವು. ಪ್ಲೇಗು ಬಂದಾಗ ಊರು ಬಡಾವಣೆ ಕಟ್ಟಿಕೊಂಡು ದೂರ ಹೋಯಿತು. ಎಚ್‌ಐವಿ ಬಂದಾಗ ಅಂಥದ್ದೇನೂ ಆಗಲಿಲ್ಲ; ಇದ್ದ ವಾರ್ಡಿಗೇ, ಇದ್ದ ಮಂಚಕ್ಕೇ ಅದು ಬಂದು ಸೇರಿತು.

ಮೊದಲೇ ಇದ್ದ ಆ ಸಂಸ್ಥೆಗಳಲ್ಲಿ ಬಳ್ಳಾರಿ ರಸ್ತೆಯ ‘ಅವಲಾನ್’ ಬಂಗಲೆಯದು ದೊಡ್ಡ ಹೆಸರು. 1960ರಲ್ಲಿ ಜವಾಹರಲಾಲ್ ನೆಹರೂ ಅಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಉದ್ಘಾಟಿಸಿದರು. ಅದರ ಹಿಂದಿನ ವರ್ಷ ಮದ್ರಾಸಿನಿಂದ ಒಂದು ಸುದ್ದಿ ಬಂದಿತ್ತು. ವಾಲೇಸ್ ಫಾಕ್ಸ್ ಅವರ ತಂಡ ಕ್ಷಯರೋಗಿಗಳಲ್ಲಿ ಒಂದು ಗುಂಪನ್ನು ಸ್ಯಾನಟೋರಿಯಂನಲ್ಲಿ, ಇನ್ನೊಂದನ್ನು ಅವರವರ ಮನೆಯಲ್ಲೇ ಇಟ್ಟು ಚಿಕಿತ್ಸೆ ಕೊಟ್ಟು ನೋಡಿ, ಮನೆಯಲ್ಲಿ ಗುಣವಾಗುವುದೂ ಹೆಚ್ಚುಕಡಿಮೆ ಅಷ್ಟೇ ಎಂದು ತೋರಿಸಿತ್ತು. ಹಾಲು, ಮೊಟ್ಟೆ, ಬೆಟ್ಟದ ಗಾಳಿ ಎಂಬ ಅರ್ಧ ಶತಮಾನದ ನಂಬಿಕೆ ಅಲ್ಲಿಗೆ ಕುಸಿಯಿತು. ಮಾತ್ರೆ ನುಂಗಿದರೆ ಸಾಕೆಂದ ಮೇಲೆ, ಆ ಮಾತ್ರೆಯನ್ನು ಹಳ್ಳಿಹಳ್ಳಿಗೆ ಮುಟ್ಟಿಸುವುದು ಹೇಗೆ ಎಂಬುದು ಬೆಂಗಳೂರಿನ ಸಂಸ್ಥೆಯ ಪಾಲಿಗೆ ಬಂದ ಪ್ರಶ್ನೆ.

ಉತ್ತರ ಹುಡುಕಲು ಹೋದವರಿಗೆ ಮುಜುಗರದ ಸಂಗತಿಯೊಂದು ಸಿಕ್ಕಿತು. ಹಳ್ಳಿಯ ಜನಕ್ಕೆ ರೋಗದ ಅರಿವಿಲ್ಲ, ಅವರನ್ನು ಹುಡುಕಿಕೊಂಡು ಎಕ್ಸ್‌ರೇ ವ್ಯಾನು ಹೋಗಬೇಕು ಎಂಬುದು ಆಗಿನ ಪರಿಣತರ ಎಣಿಕೆ. ಸಮಾಜಶಾಸ್ತ್ರದ ಕಣ್ಣಿನಿಂದ ನೋಡಿದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು 1963ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಕ್ಷಯ ಇರುವ ಬಹುತೇಕರಿಗೆ ತಮ್ಮ ಕೆಮ್ಮು, ಜ್ವರ ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಚಿಕಿತ್ಸೆ ಹುಡುಕಿಕೊಂಡು ಹೋಗಿಯೂ ಇದ್ದರು. ಆಸ್ಪತ್ರೆಯಲ್ಲಿ ಕೆಮ್ಮಿನ ಔಷಧಿಯ ಸೀಸೆ ಕೊಟ್ಟು ವಾಪಸು ಕಳಿಸಿದ್ದರು, ಅಷ್ಟೆ. ತಪ್ಪು ರೋಗಿಯದಲ್ಲ, ಕಫ ಪರೀಕ್ಷೆ ಮಾಡದ ಆಸ್ಪತ್ರೆಯದು. ಈ ಕೆಲಸದ ಬುನಾದಿಯ ಮೇಲೆ 1962ರಿಂದ ಜಿಲ್ಲಾ ಕ್ಷಯ ಕಾರ್ಯಕ್ರಮ ರೂಪುಗೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಆ ದಿನಗಳಲ್ಲಿ ಭಾರತದ ಕ್ಷಯ ಕಾರ್ಯಕ್ರಮದಲ್ಲಿ ದುಡಿದ ಡೆನ್ಮಾರ್ಕಿನ ವೈದ್ಯ ಹಾಫ್‌ಡಾನ್ ಮಾಹ್ಲರ್ 1973ರಲ್ಲಿ ಆ ಸಂಸ್ಥೆಯ ಮಹಾನಿರ್ದೇಶಕರಾದರು. ಏಡ್ಸ್ ಬಂದ ಹೊಸತರಲ್ಲಿ ಅದನ್ನು ಹಗುರವಾಗಿ ತೆಗೆದುಕೊಂಡು, 1986ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಎಲ್ಲರೆದುರು ತಮ್ಮ ಅಂದಾಜು ತಪ್ಪಿತ್ತೆಂದು ಒಪ್ಪಿಕೊಂಡವರೂ ಅವರೇ, ಮರುವರ್ಷ ಜೊನಾಥನ್ ಮಾನ್ ನೇತೃತ್ವದಲ್ಲಿ ಜಾಗತಿಕ ಏಡ್ಸ್ ಕಾರ್ಯಕ್ರಮ ಹುಟ್ಟುಹಾಕಿದವರೂ ಅವರೇ.

ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ 1961ರಿಂದ 1968ರವರೆಗೆ ನಡೆದು 1974ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. ವ್ಯವಸ್ಥಿತ ಚಿಕಿತ್ಸೆ ತಲುಪದ ಊರುಗಳಲ್ಲಿ, ಕಫದಲ್ಲಿ ಕ್ಷಯದ ರೋಗಾಣು ಕಂಡವರ ಗತಿ ಐದು ವರ್ಷಗಳಲ್ಲಿ ಏನಾಗುತ್ತದೆ ಎಂದು ಅದು ಲೆಕ್ಕ ಇಟ್ಟಿತು: ಸುಮಾರು ಶೇ. 49 ಜನ ಸತ್ತರು, ಶೇ. 18 ಜನ ರೋಗ ಹೊತ್ತೇ ಉಳಿದರು, ಶೇ. 33 ಜನ ತಾವಾಗಿಯೇ ಗುಣವಾದರು. ಇಂಥ ಅಧ್ಯಯನಕ್ಕೆ ಇಂದಿನ ಯಾವ ನೈತಿಕ ಸಮಿತಿಯೂ ಸಹಿ ಹಾಕಲಿಕ್ಕಿಲ್ಲ. ಆದರೆ ಜಗತ್ತಿನ ಕ್ಷಯದ ಪಠ್ಯಪುಸ್ತಕಗಳಲ್ಲಿ ಆ ಮೂರು ಅಂಕಿಗಳು ಉಳಿದುಕೊಂಡವು. ತಾವಾಗಿಯೇ ಗುಣವಾದ ಆ ಮೂರನೇ ಒಂದು ಪಾಲನ್ನು ಕಾಪಾಡಿದ್ದು ಅವರವರ ಮೈಯೊಳಗಿನ ಕಾವಲು. ಎಚ್‌ಐವಿ ಕೈಹಾಕಿದ್ದು ಅದಕ್ಕೇ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಸುನೀತಿ ಸಾಲಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರ ಕೈಯಲ್ಲಿ. ಕರ್ನಾಟಕದಲ್ಲಿ ಮುಂದಿನ ಒಂದೆರಡು ವರ್ಷಗಳಲ್ಲೇ ಪ್ರಕರಣಗಳು ಕಾಣಿಸಿಕೊಂಡವು. ನಿಮ್ಹಾನ್ಸ್‌ಗೆ ಮೊದಲ ರೋಗಿಗಳು ಬಂದದ್ದು 1989ರ ಹೊತ್ತಿಗೆ. 1937ರಲ್ಲಿ ಲಕ್ಕಸಂದ್ರದ ಬಯಲಿಗೆ ಬಂದ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ 1974ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಂದಿಗೆ ಸೇರಿ ನಿಮ್ಹಾನ್ಸ್ ಆಗಿತ್ತು. ಮನಸ್ಸಿನ ರೋಗಕ್ಕೆಂದು ಕಟ್ಟಿದ ಆವರಣಕ್ಕೆ ಈಗ ಬರುತ್ತಿದ್ದವರು ಬೇರೆ ಥರದವರು: ವಾರಗಟ್ಟಲೆ ತಲೆನೋವು, ಸಣ್ಣ ಜ್ವರ, ವಾಂತಿ, ಆಮೇಲೆ ಒಂದು ವಸ್ತು ಎರಡಾಗಿ ಕಾಣುವುದು, ಮಾತು ತಪ್ಪುವುದು. ಬಂದವರಲ್ಲಿ ಹೆಚ್ಚಿನವರು ನಡುಪ್ರಾಯದ ಗಂಡಸರು. ಎಚ್‌ಐವಿ ಇದೆ ಎಂಬುದು ಹಲವರಿಗೆ ತಿಳಿದದ್ದೇ ಅಲ್ಲಿ.

ಅವರ ರೋಗ ತಿಳಿಯುವ ಪರೀಕ್ಷೆ ಅಚ್ಚರಿಯಾಗುವಷ್ಟು ಸರಳ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆಗೆ ತಾಗುವಂತೆ ಮಡಚಿಸಿ, ಸೊಂಟದ ಹತ್ತಿರ ಎರಡು ಮೂಳೆಗಳ ನಡುವೆ ಸೂಜಿ ಚುಚ್ಚಿ ಬೆನ್ನಿನ ನೀರು ತೆಗೆಯುತ್ತಾರೆ. ಅದರ ಒಂದು ಹನಿಯನ್ನು ಗಾಜಿನ ಮೇಲೆ ಇಟ್ಟು, ಪಕ್ಕದಲ್ಲಿ ಒಂದು ಹನಿ ಕಪ್ಪು ಶಾಯಿ ಬೆರೆಸುತ್ತಾರೆ. ಹಿಂದೆ ಚಿತ್ರ ಬರೆಯುವವರು ಬಳಸುತ್ತಿದ್ದ ಇಂಡಿಯನ್ ಇಂಕ್ ಅದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಾಯಿಯ ಕಣಗಳು ತುಂಬಿ ಇಡೀ ವೃತ್ತ ಕಪ್ಪಗೆ. ಆ ಕತ್ತಲೆಯಲ್ಲಿ ಅಲ್ಲಲ್ಲಿ ದುಂಡಗೆ ಬೆಳಕಿನ ಉಂಗುರ, ನಡುವೆ ಒಂದು ಪುಟ್ಟ ಕೋಶ, ಕೆಲವೊಮ್ಮೆ ಅದರಿಂದ ಮೊಗ್ಗೊಡೆಯುತ್ತಿರುವ ಇನ್ನೊಂದು. ಅದೇ ಕ್ರಿಪ್ಟೊಕಾಕಸ್. ಪಾರಿವಾಳದ ಹಿಕ್ಕೆ ಬೆರೆತ ಮಣ್ಣಿನಲ್ಲಿ ಇರುವ ಈ ಶಿಲೀಂಧ್ರವನ್ನು ಊರಿನಲ್ಲಿ ಉಸಿರಾಡದವರು ಕಡಿಮೆ. ಕಾವಲಿರುವ ಮೈಗೆ ಅದು ಏನೂ ಮಾಡುವುದಿಲ್ಲ. ಸಿಡಿ4 ಸಂಖ್ಯೆ ನೂರಕ್ಕಿಂತ ಕೆಳಗಿಳಿದ ಮೇಲೆ ಮಿದುಳಿಗೆ ಏರುತ್ತದೆ. ಶಾಯಿ ಹಿಡಿಯದ ಆ ಬೆಳಕಿನ ಉಂಗುರ ಅದರ ದಪ್ಪ ಅಂಟು ಕವಚ. ಆ ಅಂಟು ಬೆನ್ನಿನ ನೀರು ಹರಿಯುವ ದಾರಿಯನ್ನೇ ಕಟ್ಟಿ ತಲೆಯೊಳಗೆ ಒತ್ತಡ ಏರಿಸುತ್ತದೆ. ರೋಗಿ ಕಣ್ಣು ಕಳೆದುಕೊಳ್ಳುವುದು ಅದರಿಂದ. ಮತ್ತೆ ಮತ್ತೆ ಸೂಜಿ ಹಾಕಿ ನೀರು ಇಳಿಸುವುದೇ ಅರ್ಧ ಚಿಕಿತ್ಸೆ. ಉಳಿದರ್ಧ ಆಂಫೊಟೆರಿಸಿನ್ ಎಂಬ ಹಳದಿ ಔಷಧ. ನರಕ್ಕೆ ನಿಧಾನವಾಗಿ ಹರಿಸುವಾಗ ಮಂಚ ಅಲುಗುವಷ್ಟು ಚಳಿನಡುಕ ತರಿಸಿ, ಮೂತ್ರಪಿಂಡಕ್ಕೂ ಪೆಟ್ಟು ಕೊಡುವಂಥದ್ದು. ಬದುಕಿ ಹೊರಬಂದವರು ಆಮೇಲೂ ಬಹುಕಾಲ ಫ್ಲುಕೊನಜೋಲ್ ಮಾತ್ರೆ ನುಂಗುತ್ತಿರಬೇಕು.

ನರರೋಗ ತಜ್ಞ ಪಿ. ಸತೀಶ್ಚಂದ್ರ, ಸೂಕ್ಷ್ಮಾಣುಜೀವಿ ತಜ್ಞೆ ಎ. ಚಂದ್ರಮುಖಿ, ವೈರಾಣು ವಿಭಾಗದ ವಿ. ರವಿ ಮತ್ತು ಅನಿತಾ ದೇಸಾಯಿ, ನರರೋಗಶಾಸ್ತ್ರದ ಎಸ್.ಕೆ. ಶಂಕರ್ ಇವರೆಲ್ಲ ಸೇರಿ ಆ ವರ್ಷಗಳ ರೋಗಿಗಳ ವಿವರವನ್ನು ಒಂದೊಂದಾಗಿ ದಾಖಲಿಸಿದರು. 1989ರಿಂದ 1996ರವರೆಗಿನ ಅನುಭವವನ್ನು ಒಟ್ಟುಮಾಡಿ 2000ನೇ ಇಸವಿಯಲ್ಲಿ ಪ್ರಕಟಿಸಿದ ಬರಹ ದಕ್ಷಿಣ ಭಾರತದಲ್ಲಿ ಎಚ್‌ಐವಿ ಮಿದುಳಿಗೆ ಏನು ಮಾಡುತ್ತದೆ ಎಂಬುದರ ಮೊದಲ ದೊಡ್ಡ ಚಿತ್ರಗಳಲ್ಲಿ ಒಂದು. ಮುಂದಿನ ಸಾಲಿನಲ್ಲಿ ಕ್ರಿಪ್ಟೊಕಾಕಸ್, ಅದರ ಹಿಂದೆ ಮಿದುಳಿನ ಕ್ಷಯ, ಆಮೇಲೆ ಟಾಕ್ಸೊಪ್ಲಾಸ್ಮ. ಅಮೆರಿಕದ ಪುಸ್ತಕಗಳಲ್ಲಿ ಪುಟಗಟ್ಟಲೆ ಬರೆದಿದ್ದ ಏಡ್ಸ್ ಮರೆವಿನ ರೋಗ ಮಾತ್ರ ಇಲ್ಲಿ ಅಷ್ಟಾಗಿ ಕಾಣಲಿಲ್ಲ. ರೋಗಿಗಳು ಅಷ್ಟು ಕಾಲ ಬದುಕುತ್ತಿರಲಿಲ್ಲ ಎಂಬುದು ಒಂದು ವಿವರಣೆ. ಇನ್ನೊಂದು ವಿವರಣೆ ಊರಿನ ಉತ್ತರದ ತುದಿಯಿಂದ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಿಂದ ಬಂತು. ಭಾರತದಲ್ಲಿ ಹರಡಿರುವುದು ಬಹುಪಾಲು ಎಚ್‌ಐವಿಯ ‘ಸಿ’ ಉಪಜಾತಿ. ಅಮೆರಿಕ, ಯುರೋಪಿನದು ‘ಬಿ’. ಉದಯಕುಮಾರ್ ರಂಗ ಮತ್ತು ಅವರ ಸಂಗಡಿಗರು 2004ರಲ್ಲಿ ತೋರಿಸಿದಂತೆ, ‘ಸಿ’ ವೈರಾಣುವಿನ ಟ್ಯಾಟ್ ಎಂಬ ಪ್ರೋಟೀನಿನಲ್ಲಿ 31ನೇ ಸ್ಥಾನದ ಸಿಸ್ಟೀನ್ ಬದಲು ಸೆರೀನ್ ಕೂತಿದೆ. ಈ ಒಂದು ಅಮೈನೊ ಆಮ್ಲದ ಬದಲಾವಣೆಯಿಂದ ಉರಿಯೂತದ ಕಣಗಳನ್ನು ಕರೆತರುವ ಅದರ ಶಕ್ತಿ ಕುಂದುತ್ತದೆ. ರೋಗಿಯ ಮಂಚದ ಪಕ್ಕ ಎದ್ದ ಸಂದೇಹಕ್ಕೆ ಪ್ರಯೋಗಶಾಲೆಯಲ್ಲಿ ಇಷ್ಟು ನಿಖರವಾದ ಸುಳಿವು ಸಿಗುವುದು ಅಪರೂಪ. ಮರೆವಿನ ಪೂರ್ತಿ ಕಥೆ ಆ ಒಂದು ಅಕ್ಷರದಲ್ಲಿ ಮುಗಿಯುತ್ತದೆ ಎಂದು ಹೇಳುವಂತಿಲ್ಲ, ಅದು ಬೇರೆ ಮಾತು.

ಕ್ಷಯದ ಕಡೆ ಇಂಥ ರಮ್ಯತೆ ಇರಲಿಲ್ಲ. ಅಲ್ಲಿದ್ದದ್ದು ಸಂಖ್ಯೆಯ ಭಾರ. ಮೈಯಲ್ಲಿ ಕ್ಷಯದ ರೋಗಾಣು ಅಡಗಿ ಕೂತವರಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತು ಜನಕ್ಕೆ ಬದುಕಿನಲ್ಲಿ ಎಂದಾದರೊಮ್ಮೆ ರೋಗ ಕೆರಳುತ್ತದೆ. ಜೊತೆಗೆ ಎಚ್‌ಐವಿ ಇದ್ದರೆ ವರ್ಷ ವರ್ಷವೂ ಸುಮಾರು ಅಷ್ಟೇ ಅಪಾಯ. ಸಾಲದ್ದಕ್ಕೆ ರೋಗ ವೇಷ ಮರೆಸಿಕೊಳ್ಳುತ್ತದೆ. ಶ್ವಾಸಕೋಶದಲ್ಲಿ ಗವಿ ಕೊರೆಯುವುದು ಮೈಯ ಪ್ರತಿರೋಧದ್ದೇ ಕೆಲಸ. ಪ್ರತಿರೋಧ ಇಲ್ಲದವನಲ್ಲಿ ಗವಿ ಇಲ್ಲ, ಕಫದಲ್ಲಿ ರೋಗಾಣು ಕಡಿಮೆ, ಎಕ್ಸ್‌ರೇ ಕೂಡ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ. ಕಫ ನೋಡಿ ರೋಗ ಹಿಡಿಯಿರಿ ಎಂದು ಅರವತ್ತರ ದಶಕದಲ್ಲಿ ಅವಲಾನ್ ಬಂಗಲೆಯವರು ಗೆದ್ದುಕೊಂಡಿದ್ದ ವಾದ ಈ ರೋಗಿಗಳ ಮುಂದೆ ಮಂಕಾಯಿತು. 2006-07ರಲ್ಲಿ ದೇಶದ 15 ಜಿಲ್ಲೆಗಳ ಕ್ಷಯರೋಗಿಗಳಲ್ಲಿ ಎಚ್‌ಐವಿ ಎಷ್ಟಿದೆ ಎಂದು ನೋಡಿದಾಗ ಕೆಲವು ಕಡೆ ಶೇ. 1, ಕೆಲವು ಕಡೆ ಶೇ. 13.8ರವರೆಗೂ ಇತ್ತು. ಕ್ಷಯಕ್ಕೊಂದು ಕಚೇರಿ, ಏಡ್ಸ್‌ಗೊಂದು ಕಚೇರಿ ಎಂದು ಬೇರೆ ಬೇರೆ ರಿಜಿಸ್ಟರ್ ಇಟ್ಟುಕೊಂಡು ನಡೆದಿದ್ದ ಎರಡು ಕಾರ್ಯಕ್ರಮಗಳಿಗೆ ಒಬ್ಬನೇ ರೋಗಿ ಎರಡೂ ಕಡೆ ಸರದಿಯಲ್ಲಿ ನಿಂತಿದ್ದಾನೆಂದು ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಕಫ ಕೊಡಲು ಬಂದ ಪ್ರತಿಯೊಬ್ಬರಿಗೂ ಎಚ್‌ಐವಿ ಪರೀಕ್ಷೆಯ ಅವಕಾಶ ಇರಲಿ ಎಂಬ ವಾದಕ್ಕೆ ಬಲ ಕೊಟ್ಟ ಅಧ್ಯಯನಗಳಲ್ಲಿ ಮಂಡ್ಯ ಜಿಲ್ಲೆಯಲ್ಲಿ ನಡೆದದ್ದೂ ಒಂದು.

ಆದರೆ 2004ರ ಮುಂಚೆ ಪತ್ತೆ ಮಾಡಿ ಮಾಡುವುದೇನು ಎಂಬ ಪ್ರಶ್ನೆಗೆ ಆಸ್ಪತ್ರೆಗಳಲ್ಲಿ ನೇರ ಉತ್ತರ ಇರಲಿಲ್ಲ. ವೈರಾಣುವನ್ನು ಹತ್ತಿಕ್ಕುವ ಮೂರು ಔಷಧಗಳ ಜೋಡಣೆ 1996ರಿಂದಲೇ ಜಗತ್ತಿಗೆ ಗೊತ್ತಿತ್ತು. ಅದರ ಬೆಲೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮಿಕ್ಕಿದ್ದು. ಆ ಬರಗಾಲದ ವರ್ಷಗಳಲ್ಲಿ ಬೆಂಗಳೂರಿನಲ್ಲಿ ರೋಗಿಗಳ ಕೈಹಿಡಿದದ್ದು ಸಂಘಸಂಸ್ಥೆಗಳು: 1993ರಲ್ಲಿ ಆರಂಭವಾದ ಸಮರಕ್ಷ, ಫ್ರೀಡಂ ಫೌಂಡೇಷನ್, ಸರ್ಜಾಪುರ ರಸ್ತೆಯ ಸ್ನೇಹದಾನ, ಆಶಾ ಫೌಂಡೇಷನ್. ಕೊಡಲು ಸಾಧ್ಯವಿದ್ದದ್ದು ಹಾಸಿಗೆ, ಊಟ, ಮಾತು, ಜೊತೆಗೆ ಅವಕಾಶ ನೋಡಿ ನುಗ್ಗುವ ಸೋಂಕುಗಳ ಚಿಕಿತ್ಸೆ. ನ್ಯುಮೋನಿಯ ತಡೆಯಲು ದಿನಕ್ಕೊಂದು ಕೋಟ್ರೈಮಾಕ್ಸಜೋಲ್, ಜನರ ಬಾಯಲ್ಲಿ ಸೆಪ್ಟ್ರಾನ್. ಕೆಲವೇ ರೂಪಾಯಿಯ ಈ ಮಾತ್ರೆ ಎಷ್ಟೋ ಜನರ ಆಯುಷ್ಯವನ್ನು ತಿಂಗಳುಗಟ್ಟಲೆ ಮುಂದೂಡಿತು. ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆ ಹುಟ್ಟಿದ್ದು 1997ರಲ್ಲಿ. ಅದರ ಮೊದಲ ವರ್ಷಗಳ ಗಮನವೆಲ್ಲ ತಡೆಗಟ್ಟುವುದರ ಕಡೆಗೇ. ಹಣ ಕೊಟ್ಟು ರಕ್ತ ಪಡೆಯುವುದು ಸುಪ್ರೀಂ ಕೋರ್ಟಿನ ಆದೇಶದಂತೆ 1998ರ ಜನವರಿಯಿಂದ ನಿಂತದ್ದು ಆ ಕಾಲದ ದೊಡ್ಡ ಗೆಲುವು.

2001ರ ಫೆಬ್ರವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಮೂರು ಔಷಧಗಳ ಜೋಡಣೆಯನ್ನು ಸೇವಾಸಂಸ್ಥೆಯೊಂದಕ್ಕೆ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದು ಘೋಷಿಸಿದರು. ಆಗಿನ ಲೆಕ್ಕದಲ್ಲಿ ಸುಮಾರು 16 ಸಾವಿರ ರೂಪಾಯಿ. ಜಗತ್ತಿಗೆ ಅದು ಬೆಲೆ ಕುಸಿದ ಸುದ್ದಿ, ಕೂಲಿಯ ಮನೆಗೆ ಅದೂ ಎಟುಕದ ಮೊತ್ತ. ಸಾಲ ಮಾಡಿ ನಾಲ್ಕು ತಿಂಗಳು ಮಾತ್ರೆ ನುಂಗಿ, ಕೈ ಬರಿದಾದಾಗ ಬಿಟ್ಟು, ಮತ್ತೆ ಶುರುಮಾಡಿದವರಲ್ಲಿ ವೈರಾಣು ಔಷಧಕ್ಕೇ ಒಗ್ಗಿಹೋಗುತ್ತಿತ್ತು.

ಕೇಂದ್ರ ಸರ್ಕಾರ 2004ರ ಏಪ್ರಿಲ್ 1ರಂದು ದೇಶದ ಎಂಟು ಆಸ್ಪತ್ರೆಗಳಲ್ಲಿ ಈ ಔಷಧಗಳ ಚಿಕಿತ್ಸೆಯನ್ನು, ಅಂದರೆ ಎಆರ್‌ಟಿಯನ್ನು, ಉಚಿತವಾಗಿ ಆರಂಭಿಸಿತು. ಬೆಂಗಳೂರಿನಲ್ಲಿ ಆ ಕೆಲಸ ಬಿದ್ದದ್ದು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ; ಕ್ರಮೇಣ ವಿಕ್ಟೋರಿಯಾ, ಮಲ್ಲೇಶ್ವರದ ಕೆ.ಸಿ. ಜನರಲ್ ಮೊದಲಾದ ಕಡೆಗೂ ಕೇಂದ್ರಗಳು ಬಂದವು. ವಾಣಿವಿಲಾಸದಂಥ ಹೆರಿಗೆ ಆಸ್ಪತ್ರೆಗಳಲ್ಲಿ ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ಹೆರಿಗೆಯ ಹೊತ್ತಿಗೆ ತಾಯಿಗೊಂದು ನೆವಿರಪಿನ್ ಮಾತ್ರೆ, ಹುಟ್ಟಿದ ಮಗುವಿಗೆ ಅದರದೇ ಕೆಲವು ಹನಿ ಎಂಬ ಕ್ರಮ ಬಹುಕಾಲ ನಡೆಯಿತು. ಗರ್ಭಿಣಿಗೆ ಜೀವನಪೂರ್ತಿ ಪೂರ್ಣ ಚಿಕಿತ್ಸೆ ಎಂಬ ನಿಯಮ ಬರಲು ಇನ್ನೊಂದು ದಶಕ ಬೇಕಾಯಿತು.

ಎಆರ್‌ಟಿ ಕೇಂದ್ರದ ಬೆಳಗು ಎಲ್ಲ ಕಡೆಯೂ ಒಂದೇ ಥರ. ರೋಗಿಯ ಕೈಯಲ್ಲೊಂದು ಹಸಿರು ಪುಸ್ತಕ, ಅದರಲ್ಲಿ ತೂಕ, ಸಿಡಿ4, ಮುಂದಿನ ತಾರೀಕು. ತೂಕದ ಯಂತ್ರದ ಮೇಲೆ ನಿಲ್ಲಬೇಕು. ನರ್ಸು ಪ್ರತಿಸಲವೂ ಅದೇ ನಾಲ್ಕು ಪ್ರಶ್ನೆ ಕೇಳುತ್ತಾರೆ: ಕೆಮ್ಮಿದೆಯೇ, ಜ್ವರವಿದೆಯೇ, ತೂಕ ಇಳಿದಿದೆಯೇ, ರಾತ್ರಿ ಮೈ ಬೆವರುತ್ತದೆಯೇ. ಯಾವುದಾದರೊಂದಕ್ಕೆ ಹೌದೆಂದರೆ ಕ್ಷಯದ ಪರೀಕ್ಷೆ. ಉಳಿದ ಮಾತ್ರೆಗಳನ್ನು ಮೇಜಿನ ಮೇಲೆ ಸುರಿದು ಎಣಿಸುತ್ತಾರೆ; ನೂರಕ್ಕೆ ತೊಂಬತ್ತೈದಾದರೂ ನುಂಗಿರಬೇಕು. ಹೊಸ ಡಬ್ಬಿ ಕೈಗೆ ಬಂದ ಮೇಲೆ ಗೇಟು ದಾಟುವ ಮುನ್ನವೇ ಲೇಬಲ್ ಕಿತ್ತು, ಮಾತ್ರೆಗಳನ್ನು ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡು, ಖಾಲಿ ಡಬ್ಬಿ ಕಸಕ್ಕೆ ಎಸೆದು ಹೋಗುವವರು ಇದ್ದರು. ಊರಿಗೆ ಗೊತ್ತಾಗಬಾರದೆಂದು ಹತ್ತಿರದ ಕೇಂದ್ರ ಬಿಟ್ಟು ದೂರದ ಕೇಂದ್ರಕ್ಕೆ ರಾತ್ರಿ ಬಸ್ಸು ಹತ್ತಿ ಬರುವವರೂ ಇದ್ದರು. ಆ ಕಾಲದ ಅಗ್ಗದ ಜೋಡಣೆಯಲ್ಲಿದ್ದ ಸ್ಟಾವುಡಿನ್ ಜೀವ ಉಳಿಸಿ ಮುಖ ಕೆಡಿಸುತ್ತಿತ್ತು: ಕೆನ್ನೆಯ ಕೊಬ್ಬು ಕರಗಿ ಗುಳಿ ಬೀಳುವುದು, ತೋಳಿನ ನರ ಎದ್ದು ಕಾಣುವುದು, ಅಂಗಾಲು ಉರಿ. ಗುಟ್ಟಾಗಿ ಮಾತ್ರೆ ನುಂಗುವವರ ಗುಟ್ಟನ್ನು ಮಾತ್ರೆಯೇ ಬಯಲು ಮಾಡುತ್ತಿತ್ತು. ದೇಶದ ಕಾರ್ಯಕ್ರಮ ಅದನ್ನು ಕೈಬಿಡಲು 2012ರ ಹೊತ್ತಾಯಿತು.

ಕ್ಷಯವೂ ಎಚ್‌ಐವಿಯೂ ಒಟ್ಟಿಗೆ ಇದ್ದಾಗ ಚಿಕಿತ್ಸೆಯೇ ಒಂದಕ್ಕೊಂದು ಅಡ್ಡಬರುತ್ತದೆ. ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್ ಯಕೃತ್ತನ್ನು ಚುರುಕುಗೊಳಿಸಿ ನೆವಿರಪಿನ್ ಅನ್ನು ಬೇಗ ಕರಗಿಸಿಬಿಡುತ್ತದೆ. ಬದಲಿಗೆ ಎಫಾವಿರೆಂಜ್ ಕೊಡುವುದು ಮೇಲು ಎಂದು ಚೆನ್ನೈನ ಕ್ಷಯ ಸಂಶೋಧನಾ ಕೇಂದ್ರದ ಸೌಮ್ಯಾ ಸ್ವಾಮಿನಾಥನ್ ತಂಡ 2011ರಲ್ಲಿ ತೋರಿಸಿತು. ಯಾವುದನ್ನು ಮೊದಲು ಶುರುಮಾಡಬೇಕು ಎಂಬುದು ಇನ್ನೂ ಕಠಿಣ ಪ್ರಶ್ನೆ. ಎಆರ್‌ಟಿ ಬೇಗ ಕೊಟ್ಟರೆ ಮರಳಿ ಬಂದ ಪ್ರತಿರೋಧ ಸತ್ತ ರೋಗಾಣುವಿನ ಮೇಲೂ ಎರಗಿ ಜ್ವರ, ಗಂಟು, ಉಸಿರಾಟದ ತೊಂದರೆ ತರುತ್ತದೆ. ತಡಮಾಡಿದರೆ ರೋಗಿ ಕಾಯುತ್ತಲೇ ಸಾಯುತ್ತಾನೆ. ಕಾಂಬೋಡಿಯದಲ್ಲಿ 661 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗ ಉತ್ತರ ಕೊಟ್ಟಿತು: ಕ್ಷಯದ ಔಷಧ ಆರಂಭಿಸಿದ ಎರಡು ವಾರಕ್ಕೆ ಎಆರ್‌ಟಿ ಪಡೆದವರಲ್ಲಿ ಶೇ. 18, ಎಂಟು ವಾರ ಕಾದವರಲ್ಲಿ ಶೇ. 27 ಜನ ಸತ್ತಿದ್ದರು. ಹಾಗಾದರೆ ಎಲ್ಲಕ್ಕೂ ಬೇಗವೇ ಒಳ್ಳೆಯದೇ? ಮಿದುಳಿನ ಸೋಂಕು ಅಲ್ಲ ಎಂದಿತು. ಉಗಾಂಡ ಮತ್ತು ದಕ್ಷಿಣ ಆಫ್ರಿಕದಲ್ಲಿ ಕ್ರಿಪ್ಟೊಕಾಕಸ್ ರೋಗಿಗಳ ಮೇಲೆ ನಡೆದ 2014ರ ಪ್ರಯೋಗದಲ್ಲಿ ಲೆಕ್ಕ ತಿರುಗುಮುರುಗಾಯಿತು: ಬೇಗ ಎಆರ್‌ಟಿ ಕೊಟ್ಟವರಲ್ಲಿ ಶೇ. 45, ಸುಮಾರು ಐದು ವಾರ ಕಾಯಿಸಿದವರಲ್ಲಿ ಶೇ. 30 ಸಾವು. ತಲೆಬುರುಡೆಯೊಳಗೆ ಊತಕ್ಕೆ ಜಾಗವಿಲ್ಲ. ಎದೆಯ ಕ್ಷಯಕ್ಕೆ ಅವಸರ, ತಲೆಯ ಶಿಲೀಂಧ್ರಕ್ಕೆ ತಾಳ್ಮೆ ಎಂಬ ಈ ಪಾಠವನ್ನೇ ಬೆಂಗಳೂರಿನ ವಾರ್ಡುಗಳೂ ಪಾಲಿಸುತ್ತ ಬಂದಿವೆ.

ಬೆಂಗಳೂರಿನದೇ ಎನ್ನಬಹುದಾದ ದೊಡ್ಡ ಪ್ರಯೋಗ ಔಷಧದ್ದಲ್ಲ, ಫೋನಿನದು. ಜೀವನಪೂರ್ತಿ, ದಿನ ತಪ್ಪದೆ ಮಾತ್ರೆ ನುಂಗುವುದು ಹೇಗೆ? 2010ರ ಹೊತ್ತಿಗೆ ಹೂ ಮಾರುವವರ ಸೆರಗಿನಲ್ಲೂ ಮೊಬೈಲ್ ಇತ್ತು. ಕೆನ್ಯದಲ್ಲಿ ನರ್ಸುಗಳು ವಾರಕ್ಕೊಮ್ಮೆ ‘ಮಾಂಬೊ?’, ಅಂದರೆ ‘ಹೇಗಿದ್ದೀರಿ?’ ಎಂಬ ಒಂದೇ ಪದದ ಸಂದೇಶ ಕಳಿಸಿ, ಉತ್ತರ ಬಾರದವರಿಗೆ ಕರೆ ಮಾಡಿ ವಿಚಾರಿಸಿದ ಪ್ರಯೋಗ ಆ ವರ್ಷ ಪ್ರಕಟವಾಗಿ ಹೆಸರು ಮಾಡಿತ್ತು. 538 ರೋಗಿಗಳಲ್ಲಿ ಸಂದೇಶ ಪಡೆದವರು ಮಾತ್ರೆ ಹೆಚ್ಚು ತಪ್ಪಿಸಲಿಲ್ಲ, ವೈರಾಣುವೂ ಹೆಚ್ಚು ಹತೋಟಿಯಲ್ಲಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್‌ನ ಅನಿತಾ ಶೆಟ್ ಮತ್ತು ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯ ಆಯೆಷಾ ಡಿಕಾಸ್ಟಾ ಅವರ ತಂಡ 150 ಜನರ ಮೇಲೆ ಮೊದಲು ಮಾಡಿ ನೋಡಿದಾಗಲೂ ಭರವಸೆ ಮೂಡಿತ್ತು: ಸರಿಯಾಗಿ ಮಾತ್ರೆ ನುಂಗುವವರು ಶೇ. 85ರಿಂದ 91ಕ್ಕೆ ಏರಿದ್ದರು.

ಆದರೆ ಎರಡು ಗುಂಪು ಮಾಡಿ ಹೋಲಿಸದೆ ಇದನ್ನು ನಂಬುವಂತಿರಲಿಲ್ಲ. 2010ರ ಜುಲೈನಿಂದ 2011ರ ಆಗಸ್ಟ್‌ವರೆಗೆ ದಕ್ಷಿಣ ಭಾರತದ ಮೂರು ಚಿಕಿತ್ಸಾ ಕೇಂದ್ರಗಳಲ್ಲಿ ಹೊಸದಾಗಿ ಎಆರ್‌ಟಿ ಆರಂಭಿಸಿದ 631 ಜನರನ್ನು ಚೀಟಿ ಎತ್ತಿದಂತೆ ಎರಡಾಗಿ ಹಂಚಿದರು. 315 ಜನರಿಗೆ ವಾರಕ್ಕೊಮ್ಮೆ ಯಂತ್ರದಿಂದ ಧ್ವನಿಕರೆ ಮತ್ತು ಒಂದು ಚಿತ್ರಸಂದೇಶ. 316 ಜನರಿಗೆ ಮಾಮೂಲಿ ಸಮಾಲೋಚನೆ ಮಾತ್ರ. ಓದು ಬಾರದವರೂ ಇರುತ್ತಾರೆಂದೇ ಅಕ್ಷರದ ಬದಲು ಧ್ವನಿ ಮತ್ತು ಚಿತ್ರ. 96 ವಾರ ಹಿಂಬಾಲಿಸಿದ ಮೇಲೆ ವೈರಾಣು ಹತೋಟಿ ತಪ್ಪಿದವರನ್ನು ಎಣಿಸಿದರು: ಕರೆ ಬಂದ ಗುಂಪಿನಲ್ಲಿ 49, ಬಾರದ ಗುಂಪಿನಲ್ಲಿ 52. ಅಂದರೆ ವ್ಯತ್ಯಾಸವೇ ಇಲ್ಲ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಫಲಿತಾಂಶ ಮುಚ್ಚುಮರೆಯಿಲ್ಲದೆ ಪ್ರಕಟವಾಯಿತು. ಮೊಬೈಲಿನಿಂದ ಆರೋಗ್ಯ ಎಂಬ ಉತ್ಸಾಹದ ಕಾಲದಲ್ಲಿ ‘ಕೆಲಸ ಮಾಡಲಿಲ್ಲ’ ಎಂದು ಹೇಳಿದ ಈ ಪ್ರಯೋಗ, ಕೆಲಸ ಮಾಡಿತೆಂದು ಹೇಳಿದ ಹತ್ತು ಸಣ್ಣ ವರದಿಗಳಿಗಿಂತ ಬೆಲೆಯುಳ್ಳದ್ದು. ಕೆನ್ಯದ ‘ಮಾಂಬೊ’ಗೆ ಬಂದ ಉತ್ತರವನ್ನು ಒಬ್ಬ ನರ್ಸು ಓದುತ್ತಿದ್ದರು, ಇಲ್ಲಿ ಕರೆ ಮಾಡಿದ್ದು ಯಂತ್ರ, ಎರಡಕ್ಕೂ ನಡುವಿನ ಅಂತರ ಅಲ್ಲೇ ಇರಬಹುದು. ಇಲ್ಲಿನ ಕೇಂದ್ರಗಳ ಮಾಮೂಲಿ ಸಮಾಲೋಚನೆಯೇ ಸಾಕಷ್ಟು ಗಟ್ಟಿಯಾಗಿದ್ದು, ಅದರ ಮೇಲೆ ಕರೆ ಸೇರಿಸಲು ಏನೂ ಉಳಿದಿರಲಿಲ್ಲ ಎಂಬುದೂ ಅಷ್ಟೇ ಸಾಧ್ಯ.

ಆ ಹೊತ್ತಿಗೆ ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಯ ಸುರೇಶ ಶಾಸ್ತ್ರಿ ಮತ್ತು ಸಂಗಡಿಗರು ಬೇರೊಂದು ಕಡೆ ಬೆರಳಿಟ್ಟರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನ, ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರು ಎಆರ್‌ಟಿಯವರೆಗಿನ ದಾರಿಯಲ್ಲಿ ಎಲ್ಲೆಲ್ಲಿ ಕಳೆದುಹೋಗುತ್ತಾರೆ ಎಂದು ಹಂತಹಂತವಾಗಿ ಹುಡುಕಿತು. ಫಲಿತಾಂಶ ಕೇಳಿ ಹೋದವರೆಲ್ಲ ಕೇಂದ್ರಕ್ಕೆ ಬರುವುದಿಲ್ಲ. ಬಂದವರೆಲ್ಲ ಸಿಡಿ4 ಮಾಡಿಸುವುದಿಲ್ಲ. ಮಾಡಿಸಿದವರಿಗೂ ‘ಸಂಖ್ಯೆ ಇನ್ನೂ ಇಳಿದಿಲ್ಲ, ಆಮೇಲೆ ಬನ್ನಿ’ ಎಂದರೆ ಆ ‘ಆಮೇಲೆ’ ಬಹಳ ಸಲ ಬರುವುದಿಲ್ಲ. ಐವತ್ತು ವರ್ಷ ಹಿಂದೆ ಬ್ಯಾನರ್ಜಿ ಮತ್ತು ಆಂಡರ್ಸನ್ ಕಂಡ ಕೆಮ್ಮಿನ ಸೀಸೆಯ ಜಾಗದಲ್ಲಿ ಈಗ ‘ಆಮೇಲೆ ಬನ್ನಿ’ ಇತ್ತು.

ಆ ಮಾತಿನ ಬುಡ ಸಿಡಿ4 ಮಿತಿಯಲ್ಲಿತ್ತು. 2004ರಲ್ಲಿ ಅದು 200. ಮುಂದೆ 350 ಆಯಿತು, ಆಮೇಲೆ 500. ಬೇಗ ಚಿಕಿತ್ಸೆ ಆರಂಭಿಸಿದಷ್ಟೂ ಒಳ್ಳೆಯದೆಂದು 2015ರ ಅಂತರರಾಷ್ಟ್ರೀಯ ಪ್ರಯೋಗಗಳು ತೋರಿಸಿದ ಮೇಲೆ ಭಾರತ 2017ರ ಏಪ್ರಿಲ್‌ನಲ್ಲಿ ಮಿತಿಯನ್ನೇ ತೆಗೆದುಹಾಕಿ, ಪಾಸಿಟಿವ್ ಬಂದ ಎಲ್ಲರಿಗೂ ಚಿಕಿತ್ಸೆ ಎಂದಿತು. ಅದೇ ತಿಂಗಳು ರಾಷ್ಟ್ರಪತಿಗಳ ಅಂಕಿತ ಪಡೆದ ಎಚ್‌ಐವಿ ಕಾಯ್ದೆ, ಸೋಂಕಿತರನ್ನು ಕೆಲಸ, ಶಾಲೆ, ಆಸ್ಪತ್ರೆಗಳಲ್ಲಿ ಬೇರೆಯಾಗಿ ಕಾಣುವುದನ್ನು ನಿಷೇಧಿಸಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು.

ಕ್ಷಯದ ಕಡೆಯೂ ಹಳೆಯ ಪದ್ಧತಿಯೊಂದು ಬದಲಾಯಿತು. ವಾರಕ್ಕೆ ಎರಡು ಮೂರು ಸಲ, ಕಣ್ಣೆದುರೇ ಮಾತ್ರೆ ನುಂಗಿಸುವ ಕ್ರಮ ಅರವತ್ತರ ದಶಕದಲ್ಲಿ ಮದ್ರಾಸಿನಲ್ಲಿ ಬೆಳೆದು, ಡಾಟ್ಸ್ ಹೆಸರಿನಲ್ಲಿ ಇಡೀ ದೇಶದ ನಿಯಮವಾಗಿತ್ತು. ಎಚ್‌ಐವಿ ಇರುವ 331 ಕ್ಷಯರೋಗಿಗಳಲ್ಲಿ ಚೆನ್ನೈನವರೇ ನಡೆಸಿದ ಪ್ರಯೋಗ ಅದರ ಕೊರತೆಯನ್ನು ಎತ್ತಿ ತೋರಿಸಿತು: ಪ್ರತಿದಿನ ಔಷಧ ಪಡೆದವರಲ್ಲಿ ಶೇ. 91 ಜನ, ದಿನ ಬಿಟ್ಟು ಪಡೆದವರಲ್ಲಿ ಶೇ. 77 ಜನ ಗುಣವಾದರು. 2016-17ರಲ್ಲಿ ಪ್ರತಿದಿನದ ಔಷಧ ಮೊದಲು ಎಚ್‌ಐವಿ ಇರುವವರಿಗೆ, ಬಳಿಕ ಎಲ್ಲ ಕ್ಷಯರೋಗಿಗಳಿಗೂ ಬಂತು.

2020ರಿಂದ ಎಆರ್‌ಟಿ ಕೇಂದ್ರಗಳಲ್ಲಿ ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆ ಹಳೆಯ ಜೋಡಣೆಗಳ ಜಾಗಕ್ಕೆ ಬರತೊಡಗಿತು. ಮುಖ ಕೆಡಿಸುವುದಿಲ್ಲ, ಕೆಟ್ಟ ಕನಸು ತರುವುದೂ ಕಡಿಮೆ, ವೈರಾಣು ಅದಕ್ಕೆ ಒಗ್ಗಿಕೊಳ್ಳುವುದೂ ಕಷ್ಟ. ಆದರೆ ರಿಫಾಂಪಿಸಿನ್ ಇದನ್ನೂ ಕರಗಿಸುತ್ತದೆ. ಹಾಗಾಗಿ ಕ್ಷಯವೂ ಇರುವವರಿಗೆ ದಿನದ ಮಾತ್ರೆಯ ಜೊತೆಗೆ, ಹನ್ನೆರಡು ಗಂಟೆ ಬಿಟ್ಟು ನುಂಗಲು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಬೇರೆಯಾಗಿ ಕೊಡುತ್ತಾರೆ. ಕ್ಷಯದ ಔಷಧ ಮುಗಿದ ಮೇಲೂ ಎರಡು ವಾರ ಅದನ್ನು ಮುಂದುವರಿಸಬೇಕು.